ಬಣ್ಣದ ಅಡಿಯ ಗೋಡೆ

ಮನೆ ಮಾರುವ ಮುನ್ನ ಸುಣ್ಣಬಣ್ಣ ಬಳಿಸುವುದು ವಾಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ದಿವಂಗತ ತಂದೆಯವರ ಮನೆ ಮಾರಲು ಹೊರಟಾಗ ದಲ್ಲಾಳಿಯು, "ಪಡುವಣ ಗೋಡೆಗೆ ಎರಡು ಕೋಟ್ ಹೊಡೆಸಿ ಉಸ್ತಾದರೇ, ಮಳೆಗೆ ಮೊದಲೇ ರಿಜಿಸ್ಟ್ರೇಶನ್ ಮುಗಿಸೋಣ" ಎಂದರು. ಆಟಿಯ ಮಳೆಗೆ ಆ ಮುರಕಲ್ಲಿನ ಗೋಡೆ ಒಸರುವುದು ಅವರಿಗೂ ಗೊತ್ತು, ನನಗೂ ಗೊತ್ತು.

ಕೇಳದಿದ್ದುದನ್ನು ಹೇಳದಿದ್ದರೆ ಅದು ಸುಳ್ಳಾಗುತ್ತದೆಯೇ? ಈ ವಾದದಲ್ಲಿ ನಾನೂ ಎರಡು ದಿನ ನೆಮ್ಮದಿ ಹುಡುಕಿದೆ.

ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟ ಘಟನೆ ಸಹೀಹ್ ಮುಸ್ಲಿಮಿನಲ್ಲಿದೆ. ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಕನು ತಮ್ಮವನಲ್ಲವೆಂದು ಅವರು ಸಾರಿದರು. ಆ ವ್ಯಾಪಾರಿ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ, ಗಮನಿಸಿ.

ದೇಶದ ಕಾನೂನೂ ಸುಮ್ಮನಿಲ್ಲ. ಬೇರೆ ಕರಾರಿಲ್ಲದಿದ್ದರೆ, ಸಾಮಾನ್ಯ ಎಚ್ಚರದಿಂದ ಕೊಳ್ಳುವವರಿಗೆ ಕಾಣದ, ತನಗೆ ತಿಳಿದಿರುವ ಮಹತ್ವದ ದೋಷವನ್ನು ಮಾರುವವನೇ ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮು ಹೇಳುತ್ತದೆ.

ದಲ್ಲಾಳಿಯ ಮಾತಿನ ಪಾಪ ದಲ್ಲಾಳಿಗೆ ಎನ್ನುವವರಿದ್ದಾರೆ. ಕಮಿಷನ್ ಕೊಟ್ಟು ಆಡಿಸುವವರು ನಾವೇ ಅಲ್ಲವೇ?

ಮನೆಗೆಲ್ಲ ಬಣ್ಣ ಹೊಡೆಸಿ ಆ ಗೋಡೆಯೊಂದನ್ನು ಹಾಗೆಯೇ ಬಿಟ್ಟೆ. ಬಂದವರಿಗೆ ಕಲೆ ತೋರಿಸಿದೆ. ಇಬ್ಬರು ಹಿಂದೆ ಸರಿದರು. ಮೂರನೆಯವರು ಒಂದೂವರೆ ಲಕ್ಷ ಇಳಿಸಿ ಕೊಂಡರು. ತಂಗಿಯ ಮದುವೆಗೆ ಆ ಹಣ ಬೇಕಿತ್ತು. ಉಮ್ಮ ಮೂರು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.