ವೈದ್ಯನ ಸಾಲ

ವೈದ್ಯರೊಬ್ಬರು ತಮ್ಮ ಗಳಿಕೆಯ ಒಂದು ಪಾಲನ್ನು ದತ್ತಿಯಿಟ್ಟು ಬಡ ಮಕ್ಕಳ ಎಂಬಿಬಿಎಸ್ ಶುಲ್ಕ ಕಟ್ಟಿದರೆ ನಾವು ಅದನ್ನು ದಾನ ಎನ್ನುತ್ತೇವೆ. ಅವರಿಗೆ ಶಾಲು ಹೊದಿಸುತ್ತೇವೆ. ವಿದ್ಯಾರ್ಥಿಗಳು ಸಾಲಾಗಿ ಬಂದು ಕಾಲು ಮುಟ್ಟುತ್ತಾರೆ. ಆದರೆ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕಲಿತು ಬೆಳೆದ ಬಸವಣ್ಣನ ಪರಂಪರೆ ದಾನವೆಂಬ ಮಾತನ್ನೇ ಅನುಮಾನದಿಂದ ನೋಡಿತು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ದಾಸೋಹದಲ್ಲಿ ಕೊಡುವವನೇ ದಾಸ. ಹಾಗಾದರೆ ವೈದ್ಯನು ಕೊಡುವ ವಿದ್ಯಾರ್ಥಿವೇತನ ಯಾವುದು? ಅದು ಮೊದಲಿಗೆ ಸಾಲದ ಒಂದು ಕಂತು, ಕೊಡುವವನು ಹಾಗೆಂದು ಒಪ್ಪಿಕೊಂಡಾಗ ಮಾತ್ರ ದಾಸೋಹ ಎಂಬುದು ನನ್ನ ವಾದ.

ಬೇರೆ ವಿದ್ಯೆಗಳನ್ನು ಪುಸ್ತಕದ ಮೇಲೆ, ಯಂತ್ರದ ಮೇಲೆ ಕಲಿಯಬಹುದು. ವೈದ್ಯವಿದ್ಯೆಯನ್ನು ಕಲಿಯುವುದು ಮನುಷ್ಯರ ಮೈಮೇಲೆ. ಮೊದಲ ವರ್ಷದ ಅಂಗರಚನಾ ಕೊಠಡಿಯಲ್ಲಿ ಮೇಜಿನ ಮೇಲೆ ಮಲಗಿದ ಶವ ಎಷ್ಟೋ ಸಲ ವಾರಸುದಾರರಿಲ್ಲದ ಬಡವನದು. ಆಮೇಲೆ ಜನರಲ್ ವಾರ್ಡು: ಒಬ್ಬಳೇ ಮುದುಕಿಯ ಹೊಟ್ಟೆಯನ್ನು ಹತ್ತು ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಒತ್ತಿ ನೋಡುತ್ತಾರೆ, ಆಕೆ ಸುಮ್ಮನೆ ಸಹಿಸುತ್ತಾಳೆ. ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷದ ಇಂಟರ್ನ್‌ಶಿಪ್ ನಡೆಯುವುದು ಇಂಥ ಸಹನೆಯ ಮೇಲೆ. ಬಾಗಲಕೋಟೆಯಲ್ಲಿ 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಶುರುವಾದಾಗ ಕಟ್ಟಡ, ಪ್ರಾಧ್ಯಾಪಕರು, ಉಪಕರಣ ಎಲ್ಲಕ್ಕೂ ಲೆಕ್ಕ ಇದ್ದೀತು. ಇಳಕಲ್ಲಿನ ನೇಕಾರರು, ಬಾದಾಮಿ ಕಡೆಯ ಕಲ್ಲು ಒಡೆಯುವವರು ತಮ್ಮ ಮೈಯನ್ನೇ ಪಾಠವಾಗಿ ಕೊಡುವುದನ್ನು ಬರೆಯಲು ಯಾವ ಲೆಕ್ಕದ ಪುಸ್ತಕದಲ್ಲೂ ಜಾಗವಿಲ್ಲ. ಇದೇ ಜಿಲ್ಲೆಯ ನೆಲದಿಂದ ಬಂದ ನೇತ್ರವೈದ್ಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಹೂಡಿ ಲಕ್ಷಾಂತರ ಬಡವರ ಕಣ್ಣಿನ ಪೊರೆ ತೆಗೆದರು, 1968ರಲ್ಲಿ ಪದ್ಮಭೂಷಣ ಪಡೆದರು. ಅವರ ಔದಾರ್ಯದಲ್ಲಿ ನನಗೆ ಸಂಶಯವಿಲ್ಲ. ಆದರೂ ಶಸ್ತ್ರಚಿಕಿತ್ಸೆಯ ವೇಗ, ನಿಖರತೆ ಅವರ ಕೈಗೆ ಬಂದದ್ದು ಆ ಕಣ್ಣುಗಳಿಂದಲೇ. ಧರ್ಮಾರ್ಥ ಚಿಕಿತ್ಸೆಯಲ್ಲೂ ರೋಗಿ ಬರಿಗೈಯಲ್ಲಿ ಬಂದಿರುವುದಿಲ್ಲ.

ಶುಲ್ಕ ಕಟ್ಟಿ, ನಿದ್ದೆಗೆಟ್ಟು ಓದಿ ವೈದ್ಯನಾದವನು ಯಾರಿಗೆ ಸಾಲಗಾರ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಶುಲ್ಕ ಸಲ್ಲುವುದು ಕಾಲೇಜಿಗೆ, ಮೇಜಿನ ಮೇಲಿನ ದೇಹಕ್ಕೆ ಅದರಲ್ಲಿ ಬಿಡಿಗಾಸೂ ಇಲ್ಲ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ಇದನ್ನು ಅರಿತಂತೆ ತಮ್ಮ ದೇಹವನ್ನೇ ಬರೆದುಕೊಟ್ಟರು. ಅವರು 2008ರಲ್ಲಿ ತೀರಿಕೊಂಡರು. 2010ರಲ್ಲಿ ಬೆಳಗಾವಿಯಲ್ಲಿ, ಅಂಗರಚನಾಶಾಸ್ತ್ರದ ಅಧ್ಯಾಪಕರಾದ ಮಗ ಡಾ. ಮಹಾಂತೇಶ ರಾಮಣ್ಣವರ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನು ತಾವೇ ಛೇದಿಸಿ ಪಾಠ ಮಾಡಿದರು. ಕೆಲವರಿಗೆ ಇದು ಸಂಸ್ಕಾರಕ್ಕೆ ವಿರುದ್ಧವಾದ ಕೆಲಸವೆನಿಸೀತು. ನನಗೆ ಕಾಣುವುದು ಬೇರೆ: ಯಾವುದರಿಂದ ಪಡೆದಿದ್ದರೋ ಅದರಲ್ಲೇ ತೀರಿಸಿದರು. ಹಣದ ದತ್ತಿಗೆ ಈ ನೇರತನ ಇಲ್ಲ. ಹಣ ಉಳಿದಿದ್ದಾದರೂ ಎಲ್ಲಿಂದ ಎಂಬ ಪ್ರಶ್ನೆ ಅದಕ್ಕೆ ಅಂಟಿಕೊಂಡೇ ಇರುತ್ತದೆ. ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಶರಣೆ ಆಯ್ದಕ್ಕಿ ಲಕ್ಕಮ್ಮ ತಿರುಗಿ ಕಳಿಸಿದ ಕಥೆ ಎಲ್ಲರಿಗೂ ಗೊತ್ತು; ಅದು ದಾಸೋಹಕ್ಕೆಂದೇ ತಂದ ಅಕ್ಕಿಯಾಗಿತ್ತು ಎಂಬುದನ್ನು ಮರೆಯುತ್ತೇವೆ. ಆಕೆಯ ತಕ್ಕಡಿಯಲ್ಲಿ ತೂಗಿದರೆ, ಬಡ ರೋಗಿಗೆ ಬೇಡದ ಪರೀಕ್ಷೆಗಳನ್ನು ಬರೆದು ಗಳಿಸಿದ ದುಡ್ಡು ಎಷ್ಟು ದೊಡ್ಡ ದತ್ತಿಯಾದರೂ ವಾಪಸು ಹೋಗಬೇಕಾದ ಅಕ್ಕಿಯೇ.

ಇಷ್ಟು ಬಿಗಿ ಹಿಡಿದರೆ ಕೊಡುವವರೇ ಹಿಂಜರಿಯುತ್ತಾರೆ, ಹೆಸರಿನ ಆಸೆಯಿಂದಾದರೂ ಕೊಡಲಿ ಬಿಡಿ ಎಂಬ ಮಾತೂ ಇದೆ. ಹೆಸರಿನ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಲೇಶ 578ರಲ್ಲಿ ಕೆತ್ತಿಸಿದ ಶಾಸನದಲ್ಲಿ ಅವನ ಹೆಸರೂ ಇದೆ, ದತ್ತಿಯ ವಿವರವೂ ಇದೆ. ಆದರೆ ಆ ಕೆಲಸದ ಪುಣ್ಯವನ್ನು ಅವನು ಅಣ್ಣ ಕೀರ್ತಿವರ್ಮನಿಗೆ ಬಿಟ್ಟುಕೊಟ್ಟು, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎಂದ. ಹೆಸರು ಕಲ್ಲಿನಲ್ಲಿ ಉಳಿದೂ ಹಕ್ಕು ಬಿಟ್ಟುಹೋಗಬಹುದು. ಇನ್ನು ಹಿಂಜರಿಕೆಯ ಮಾತು. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನು ಬೇಡಿದರು. ಕುಡಿತವನ್ನೋ ತಂಬಾಕನ್ನೋ ಆ ಜೋಳಿಗೆಗೆ ಹಾಕಿದವನು ಸ್ವಾಮೀಜಿಗೆ ಉಪಕಾರ ಮಾಡಿದೆನೆಂದು ಬೀಗಲಿಲ್ಲ. ಹಗುರಾದವನು ತಾನೇ ಎಂದು ಅವನಿಗೆ ಗೊತ್ತಿತ್ತು. ಹೊಗಳಿಕೆ ಇಲ್ಲದೆಯೂ ಜನ ಕೊಡುತ್ತಾರೆ.

ತೊಡಕು ಇರುವುದು ಷರತ್ತಿನಲ್ಲಿ. ವಿದ್ಯಾರ್ಥಿವೇತನ ಪಡೆದವನು ಹುನಗುಂದದ ಹಳ್ಳಿಯಲ್ಲಿ ಇಂತಿಷ್ಟು ವರ್ಷ ದುಡಿಯಲಿ ಎಂದು ದಾನಿ ಬರೆಸಿಕೊಳ್ಳಬಹುದೇ? ಸಾಲವೆಂದ ಮೇಲೆ ತೀರಿಸುವುದು ಸರಿಯೇ. ಆದರೆ ಅದು ದಾನಿಗೆ ಸಲ್ಲುವ ಸಾಲವಲ್ಲ, ಅವನೂ ಅದೇ ವಾರ್ಡಿನ ಸಾಲಗಾರ. ಮೇಲಾಗಿ ಬಡ ಹುಡುಗಿಯೂ ಲಕ್ಷಗಟ್ಟಲೆ ಕಟ್ಟಿ ಸೀಟು ಪಡೆದವನೂ ಒತ್ತಿ ನೋಡಿದ್ದು ಒಂದೇ ಮುದುಕಿಯ ಹೊಟ್ಟೆಯನ್ನು. ಆ ಹುಡುಗಿಯನ್ನು ಮಾತ್ರ ಹಳ್ಳಿಗೆ ಕಟ್ಟಿ ಹಾಕಿ ಇವನನ್ನು ಬೇಕಾದಲ್ಲಿಗೆ ಹೋಗಲು ಬಿಟ್ಟರೆ ಸಾಲ ಬಡತನಕ್ಕೆ ಹಾಕಿದ ದಂಡವಾಗುತ್ತದೆ. ವೈದ್ಯ ಪದವೀಧರರೆಲ್ಲ ಒಂದು ವರ್ಷ ಸೇವೆ ಸಲ್ಲಿಸಲಿ ಎಂಬ ಕರ್ನಾಟಕದ 2012ರ ಕಾಯ್ದೆಯ ಹಿಂದಿದ್ದ ಯೋಚನೆ ಈ ದೃಷ್ಟಿಯಿಂದ ಸರಿಯಾದದ್ದು. ದತ್ತಿ ಇಟ್ಟ ವೈದ್ಯ ತನ್ನ ವಿದ್ಯಾರ್ಥಿಗೆ ಈ ಸಾಲದ ಅರಿವು ಮೂಡಿಸಬಲ್ಲ; ಪೂರ್ತಿ ಶುಲ್ಕ ಕಟ್ಟಿದವನ ತನಕ ಅವನ ದತ್ತಿ ತಲುಪುವುದಿಲ್ಲ.