ಇಂದಿನ ಧಮ್ಮ ಚಿಂತನೆ: ಪಾಲ್ಕಿಗುಂಡಿನ ನೆರಳು

ಹೋದ ಭಾನುವಾರ ಮಗಳನ್ನು ಕರೆದುಕೊಂಡು ಕೊಪ್ಪಳದ ಪಾಲ್ಕಿಗುಂಡಿಗೆ ಹೋಗಿದ್ದೆ. ಚಿಕ್ಕವರಿದ್ದಾಗ ಭಾಗ್ಯನಗರದ ನಾವು ಐದಾರು ಹುಡುಗರು, ಸೂಟಿ ಬಂತೆಂದರೆ ರೈಲ್ವೆ ಗೇಟು ದಾಟಿ, ಊರು ಹಾದು, ಆ ಗುಡ್ಡ ಹತ್ತುತ್ತಿದ್ದೆವು. ನಿಂತ ಬಂಡೆಗಳ ಮೇಲೆ ಪಲ್ಲಕ್ಕಿಯ ಚಾವಣಿಯಂತೆ ಹಾಸಿಕೊಂಡ ಒಂದು ದೊಡ್ಡ ಕಲ್ಲು. ಸುಡು ಬ್ಯಾಸಗಿಯಲ್ಲೂ ಅದರ ಅಡಿಯಲ್ಲಿ ತಂಪು. ಮಾವಿನಕಾಯಿ, ಉಪ್ಪು-ಖಾರ, ಗೋಲಿ, ಹರಟೆ. ಅಲ್ಲಿ ಕಲ್ಲಿನ ಮೇಲಿದ್ದ ಗೀರುಗಳನ್ನು ನಿಧಿಯ ಗುರುತು ಅಂದುಕೊಂಡಿದ್ದೆವು.

ಅದು ಸಾಮ್ರಾಟ ಅಶೋಕನ ಶಾಸನ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಕೊಪ್ಪಳದ ಎರಡು ಅಶೋಕ ಶಾಸನಗಳು, ಗವಿಮಠದ್ದು ಮತ್ತು ಪಾಲ್ಕಿಗುಂಡಿನದು, 1931ರಲ್ಲಿ ಬೆಳಕಿಗೆ ಬಂದವು. ಆಗ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಗವಿಮಠದ ಶಾಸನ ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ಬಹಳ ಸವೆದಿದೆ. ಎರಡರಲ್ಲೂ ಇರುವ ಮಾತು ಒಂದೇ.

ಮಗಳಿಗೆ ನಾನು ಸದಾ ಒಂದು ಕಥೆ ಹೇಳುತ್ತಿದ್ದೆ. "ನಮ್ಮೂರಾಗ ಎಲ್ಲಾ ಕಡೆ ಜಾತಿ ಇತ್ತವ್ವಾ, ಆ ಗುಂಡಿನ ಕೆಳಗ ಇರಲಿಲ್ಲ. ನೇಕಾರರ ಹುಡುಗ, ಒಕ್ಕಲಿಗರ ಮನೆಯವ, ನಾನು, ಎಲ್ಲಾರೂ ಒಂದೇ ಮಾವಿನಕಾಯಿ ಕಚ್ಚಿ ತಿಂತಿದ್ವಿ." ಈ ಕಥೆ ಸುಳ್ಳಲ್ಲ. ಇದನ್ನು ನಮ್ಮ ಅಧ್ಯಯನ ಬಳಗದಲ್ಲೂ ಎರಡು ಸಲ ಹೇಳಿದ್ದೇನೆ. ಕೇಳಿದವರು ಮೆಚ್ಚಿದ್ದರು.

ಮಗಳು ಕಲ್ಲಿನ ಕೆಳಗೆ ಕುಳಿತು ಕೇಳಿದಳು: "ಅಪ್ಪಾ, ಯಾರ‍್ಯಾರು ಬರ‍್ತಿದ್ರು? ಹೇಳು." ನಾನು ಬೆರಳು ಮಡಚುತ್ತಾ ಹೆಸರು ಹೇಳತೊಡಗಿದೆ. ಒಂದು ಕೈಯ ಐದೂ ಬೆರಳು ಮುಗಿದವು. "ಅಷ್ಟೇನಾ?" ಅಂದಳು. ಹೂಂ ಅನ್ನಲು ಹೋದೆ. ಬಾಯಿ ಬರಲಿಲ್ಲ. ಇನ್ನೊಬ್ಬ ಇದ್ದ.

ಭಾಗ್ಯನಗರದ ಕೂದಲಿನ ವ್ಯಾಪಾರ ನಿಮಗೆ ಗೊತ್ತು. ಇಲ್ಲಿ ಸಿಕ್ಕು ಬಿಡಿಸಿ, ಅಳತೆಗೆ ತಕ್ಕಂತೆ ವಿಂಗಡಿಸಿದ ಕೂದಲು ದೇಶದ ಆಚೆಗೂ ಹೋಗುತ್ತದೆ. ಮನೆಮನೆಯಲ್ಲಿ ಉದುರಿದ ಕೂದಲನ್ನು ಕೊಂಡು, ಬದಲಿಗೆ ಪಿನ್ನು, ಬಲೂನು, ಸಣ್ಣ ಪಾತ್ರೆ ಕೊಟ್ಟು ಓಣಿ ಓಣಿ ತಿರುಗುವವರು ಅಲೆಮಾರಿ ಸಮುದಾಯಗಳ ಬಡ ಹೆಂಗಸರು, ಮಕ್ಕಳು. ಅವರಲ್ಲಿ ನಮ್ಮ ವಯಸ್ಸಿನ ಒಬ್ಬ ಹುಡುಗನಿದ್ದ. ಹೆಗಲಿಗೆ ಚೀಲ ಹಾಕಿಕೊಂಡು ನಮ್ಮ ಹಿಂದೆ ಒಂದು ದಿನ ಗುಡ್ಡ ಹತ್ತಿ ಬಂದ. ನೆರಳಿಗೆ ಬರಲು ನೋಡಿದ.

ಬೇಡ ಅಂದವರು ಮೇಲ್ಜಾತಿಯ ಗೆಳೆಯರಲ್ಲ. ನಾನು. "ಏ ಕೂದ್ಲದವನ, ಹೊರಗ ಕೂಡ್ರು" ಅಂದೆ. ಅವನು ಬಿಸಿಲಲ್ಲೇ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ನೀರು ಕೇಳಿದ. ನಾನು ಎದ್ದು ನಿಂತು ಬಾಟ್ಲಿಯಿಂದ ಅವನ ಬೊಗಸೆಗೆ ಮೇಲಿನಿಂದ ನೀರು ಹೊಯ್ದೆ. ಕೈ ತಾಗದ ಹಾಗೆ. ಅವನು ಕುಡಿದು, ಒದ್ದೆ ಕೈಯಿಂದ ಮುಖ ಒರೆಸಿಕೊಂಡು, ಚೀಲ ಎತ್ತಿಕೊಂಡು ಇಳಿದು ಹೋದ. ಮತ್ತೆ ಬರಲಿಲ್ಲ.

ಹಾಗೆ ನೀರು ಹೊಯ್ಯುವುದನ್ನು ನನಗೆ ಯಾರು ಕಲಿಸಿದ್ದರು? ಅವ್ವನ ಜೊತೆ ಕೂಲಿಗೆ ಹೋದಾಗ, ಮನೆಯ ಯಜಮಾನ್ತಿ ನನಗೆ ಹಾಗೇ ಹೊಯ್ಯುತ್ತಿದ್ದಳು. ಆ ನೀರು ಗಂಟಲಲ್ಲಿ ಇಳಿಯುವಾಗ ಆಗುತ್ತಿದ್ದ ಸಂಕಟ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಯಾಕೆಂದರೆ ಹುಟ್ಟಿದ ಮೇಲೆ ಮೊದಲ ಸಲ ನನಗಿಂತ ಕೆಳಗೆ ಒಬ್ಬ ಸಿಕ್ಕಿದ್ದ.

ಬಾಬಾಸಾಹೇಬರು ಜಾತಿಯನ್ನು ಬರೀ ಅಸಮಾನತೆ ಅನ್ನಲಿಲ್ಲ, ಶ್ರೇಣೀಕೃತ ಅಸಮಾನತೆ ಅಂದರು. ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಗೌರವ, ಕೆಳಕ್ಕೆ ತಿರಸ್ಕಾರ. ಪ್ರತಿಯೊಬ್ಬನಿಗೂ ತುಳಿಯಲು ಒಬ್ಬ ಸಿಗುವುದರಿಂದಲೇ ಈ ಏಣಿ ಬೀಳದೆ ನಿಂತಿದೆ. ಇದನ್ನು ಎಷ್ಟೋ ಭಾಷಣಗಳಲ್ಲಿ ಹೇಳಿದ್ದೇನೆ. ಆ ಏಣಿಯ ಮೇಲೆ ನನ್ನ ಕಾಲು ಎಲ್ಲಿತ್ತು ಎಂದು ನೋಡಿರಲಿಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ನಾವೆಲ್ಲ ಓದಿದ್ದೇವೆ. 1901ರಲ್ಲಿ ಮಕ್ಕಳು ತಂದೆಯನ್ನು ನೋಡಲು ಕೋರೆಗಾಂವ್‌ಗೆ ಹೊರಟಿದ್ದರು. ಬುತ್ತಿ ಇತ್ತು, ಕುಡಿಯಲು ನೀರಿರಲಿಲ್ಲ. ಸುಂಕದ ಕಟ್ಟೆಯವನ ಹತ್ತಿರ ಕೇಳಿದರೂ ಸಿಗಲಿಲ್ಲ. ಉಣ್ಣದೆ ರಾತ್ರಿ ಕಳೆದರು. ಅದನ್ನು ಓದಿದಾಗಲೆಲ್ಲ ನಾನು ಬಾಲಕ ಭೀಮನ ಜಾಗದಲ್ಲಿ ನಿಂತು ಅತ್ತಿದ್ದೇನೆ. ಸುಂಕದವನ ಜಾಗದಲ್ಲಿ ನಿಂತು ಒಂದು ಸಲವೂ ಓದಿರಲಿಲ್ಲ.

ಗುಂಡಿನ ಕೆಳಗೆ ಕುಳಿತು ಮನಸ್ಸು ಮೂರು ನೆಪ ಹುಡುಕಿತು. ಒಂದು, "ಆಗ ನಾನು ಹುಡುಗ." ಹೌದು, ಆದರೆ ಅರಿಯದವನಲ್ಲ. ಧಮ್ಮದಲ್ಲಿ ಕಮ್ಮವನ್ನು ತೂಗುವುದು ಚೇತನದಿಂದ, ಅಂದರೆ ಉದ್ದೇಶದಿಂದ. ನನ್ನ ಉದ್ದೇಶ ಅವನನ್ನು ಸಣ್ಣವನನ್ನಾಗಿ ಮಾಡುವುದೇ ಆಗಿತ್ತು.

ಎರಡು, "ನಾನೂ ನೊಂದವನು." ಹಾಗೆ ಮಾಡಲು ಕಾರಣ ಎಲ್ಲಿಂದ ಬಂತು ಎಂದು ಇದು ಹೇಳುತ್ತದೆ. ಮಾಡಿದ್ದು ಸರಿ ಎಂದು ಹೇಳುವುದಿಲ್ಲ. ನೋವು ನನ್ನಲ್ಲಿಗೆ ಬಂದು ನಿಲ್ಲಬಹುದಿತ್ತು. ನಿಲ್ಲಿಸದೆ ಮುಂದಕ್ಕೆ ಸಾಗಿಸಿದೆ.

ಮೂರು, "ಈಗ ನಾನು ದೀಕ್ಷೆ ತೆಗೆದುಕೊಂಡಿದ್ದೇನೆ." 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂದು ಒಪ್ಪಿದ್ದೇನೆ, ಸಮಾನತೆಗಾಗಿ ದುಡಿಯುತ್ತೇನೆ ಎಂದಿದ್ದೇನೆ, ಇದು ನನ್ನ ಹೊಸ ಹುಟ್ಟು ಎಂದೂ ಹೇಳಿದ್ದೇನೆ. ಆದರೆ ದೀಕ್ಷೆ ಪಾಪ ತೊಳೆಯುವ ತೀರ್ಥವಲ್ಲ. ಹೊಳೆಯಲ್ಲಿ ಮುಳುಗಿ ಶುದ್ಧರಾಗುವ ನಂಬಿಕೆಯನ್ನು ಬಿಟ್ಟು ಬಂದವರು ನಾವು. ಹೊಸ ಹುಟ್ಟು ಎಂದರೆ ಹಳೆಯದನ್ನು ಮರೆಯುವುದಲ್ಲ, ಅದನ್ನು ನೋಡುವ ಧೈರ್ಯ ಬರುವುದು.

ಹಾಗಾದರೆ ಮಾಡುವುದೇನು? ಕೊರಗುತ್ತಾ ಕೂರುವುದೂ ದಾರಿಯಲ್ಲ. ಮಾಡಿದ್ದಕ್ಕೆ ಒಳಗೊಳಗೇ ಬೇಯುವ ಕುಕ್ಕುಚ್ಚವನ್ನು ಭಗವಾನರು ಪಂಚ ನೀವರಣಗಳಲ್ಲಿ ಸೇರಿಸಿದ್ದಾರೆ. ಅದೂ ಮನಸ್ಸಿಗೆ ಅಡ್ಡ ನಿಲ್ಲುವ ಗೋಡೆ.

ದಾರಿಯನ್ನು ಭಗವಾನರು ತಮ್ಮ ಮಗ ರಾಹುಲನಿಗೆ ಹೇಳಿದ್ದಾರೆ. ಮಜ್ಝಿಮ ನಿಕಾಯದ ಅಂಬಲಟ್ಠಿಕಾ ರಾಹುಲೋವಾದ ಸುತ್ತದಲ್ಲಿ ಅದು ಬರುತ್ತದೆ. ಕನ್ನಡಿ ನೋಡಿಕೊಳ್ಳುವ ಹಾಗೆ ನಿನ್ನ ಕೆಲಸವನ್ನು ನೋಡಿಕೋ, ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೂ ನೋಡು ಎನ್ನುವುದು ಅದರ ಸಾರ. ಮಾಡಿದ್ದು ಇನ್ನೊಬ್ಬರಿಗೆ ನೋವು ತಂದಿತೆಂದು ಕಂಡರೆ, ಬಲ್ಲವರ ಮುಂದೆ, ಜೊತೆಗಾರರ ಮುಂದೆ ಅದನ್ನು ಬಿಚ್ಚಿ ಹೇಳಬೇಕು. ಮುಂದೆ ಹಾಗೆ ಆಗದಂತೆ ಎಚ್ಚರ ಇರಬೇಕು. ಈ ಮಾತು ಹೇಳಿದ್ದು ಒಬ್ಬ ಸಣ್ಣ ಹುಡುಗನಿಗೆ ಎಂಬುದನ್ನು ಗಮನಿಸಿ. ಹುಡುಗರಿಗೆ ತಿಳಿಯುವುದಿಲ್ಲ ಎಂದು ಭಗವಾನರು ಎಣಿಸಲಿಲ್ಲ.

ರಾಜಸ್ಥಾನದ ಬೈರಾಟದಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ, ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಏಳು ಉಪದೇಶಗಳ ಪಟ್ಟಿಯಿದೆ. ಅದರಲ್ಲಿ ಸುಳ್ಳಿನ ವಿಷಯವಾಗಿ ರಾಹುಲನಿಗೆ ಹೇಳಿದ ಉಪದೇಶವೂ ಒಂದು. ಅಶೋಕ ಅದನ್ನು ಬೇರೆಯವರಿಗೆ ಹೇಳಿ ಸುಮ್ಮನಾಗಲಿಲ್ಲ, ತಾನೂ ನಡೆದ. ಹೇಗೆಂದು ನಮ್ಮ ಗುಡ್ಡದ ಕಲ್ಲೇ ಹೇಳುತ್ತದೆ. ಅದರ ತಾತ್ಪರ್ಯ ಇಷ್ಟು: ನಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ನಾನು ಅಷ್ಟೇನೂ ಶ್ರಮ ಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಗಟ್ಟಿಯಾಗಿ ಶ್ರಮಿಸಿದೆ. ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಸಣ್ಣವನಿಗೂ ಇದರ ಫಲ ಸಿಗುತ್ತದೆ ಎಂದೂ ಅಲ್ಲಿದೆ.

ದೊಡ್ಡ ಸಾಮ್ರಾಜ್ಯದ ದೊರೆ ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಅದೇ ಕಲ್ಲಿನ ನೆರಳಲ್ಲಿ ಕುಳಿತು ನಾನು ನನ್ನ ತಪ್ಪನ್ನು ನೆನಪಿನಿಂದ ಒರೆಸಿ ಹಾಕಿದ್ದೆ. ನಮ್ಮ ಮೇಲಾದದ್ದನ್ನು ಹೇಳಲು ಬಾಬಾಸಾಹೇಬರು ನಮಗೆ ಬಾಯಿ ಕೊಟ್ಟರು. ನಮ್ಮಿಂದ ಆದದ್ದನ್ನೂ ಅದೇ ಬಾಯಿ ಹೇಳಬೇಕು. ಇಲ್ಲದಿದ್ದರೆ ನಾವು ಹೇಳುವ ಸಮಾನತೆ ನಮ್ಮ ತಲೆಯಿಂದ ಮೇಲಕ್ಕೆ ಮಾತ್ರ ಅಳೆಯುವ ಕೋಲಾಗುತ್ತದೆ.

ಮಗಳಿಗೆ ಅಲ್ಲೇ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅವನ ಹೆಸರೇನಪಾ?"

"ಗೊತ್ತಿಲ್ಲವ್ವಾ. ಕೇಳಿರಲಿಲ್ಲ."

ಇನ್ನೇನೂ ಕೇಳಲಿಲ್ಲ. ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ, ಮುಂದೆ ಮುಂದೆ ನಡೆದಳು. ಅವಳ ಕಣ್ಣಲ್ಲಿ ಅಂದು ನಾನು ಸ್ವಲ್ಪ ಸಣ್ಣವನಾದೆ. ಆಗಲಿ. ಸುಳ್ಳು ಕಥೆಯ ದೊಡ್ಡ ಅಪ್ಪನಿಗಿಂತ ಅದು ಮೇಲು.

ಆ ಹುಡುಗ ಎಲ್ಲಿದ್ದಾನೋ ತಿಳಿಯದು. ಅವನ ಮುಂದೆ ಹೇಳಬೇಕಾದದ್ದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ, ನೀವು ನನ್ನ ಜೊತೆಗಾರರು. ಆದರೆ ಹೇಳಿದರೆ ಅರ್ಧ ಮಾತ್ರ ಆಯಿತು, ಎಚ್ಚರ ಉಳಿದಿದೆ. ನಮ್ಮ ಬುದ್ಧ ವಂದನೆಗೆ ಕೂದಲು ಕೊಳ್ಳುವ ಮನೆಗಳವರು ಎಷ್ಟು ಜನ ಬರುತ್ತಾರೆ? ನಾವು ಅವರನ್ನು ಕರೆದಿದ್ದೇವೆಯೇ?

ಇಂದಿನ ಅಭ್ಯಾಸ: ಬಾಲ್ಯದ ನಿಮ್ಮ ಪ್ರೀತಿಯ ಜಾಗವೊಂದನ್ನು ನೆನೆಯಿರಿ. ಅಲ್ಲಿದ್ದವರನ್ನು ಎಣಿಸಿದ ಮೇಲೆ, ಹೊರಗೆ ಬಿಸಿಲಲ್ಲಿ ಯಾರಾದರೂ ಕುಳಿತಿದ್ದರೇ ಎಂದು ನೋಡಿ. ಇವತ್ತು ಬಾಗಿಲಿಗೆ ಕೂದಲು ಕೇಳುತ್ತಾ ಯಾರಾದರೂ ಬಂದರೆ, ಒಳಗೆ ಕರೆದು ಕೂರಿಸಿ. ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ. ಹೆಸರು ಕೇಳಿ.

ನಮೋ ಬುದ್ಧಾಯ. ಜೈ ಭೀಮ್.