ಸಿಮೆಂಟಿನ ಚೀಲವೂ ಶ್ರಾವಕನ ವಿವೇಕವೂ

ಬಸದಿಯ ಬಳಿ ಯಾತ್ರಿ ನಿವಾಸ ಕಟ್ಟಿಸಲು ಮುಂದಾದ ಧರ್ಮನಿಷ್ಠ ಆಡಳಿತ ಮಂಡಳಿಯು ಪಾಯ ತೋಡುವ ಮುನ್ನ ಇರುವೆಗೂಡುಗಳಿವೆಯೇ ಎಂದು ನೋಡುತ್ತದೆ; ಮಳೆಗಾಲದಲ್ಲಿ ಅಗೆತವನ್ನು ಮುಂದೂಡುತ್ತದೆ. ಈ ಜೀವದಯೆ ಶ್ಲಾಘ್ಯವಾದುದು. ಆದರೆ ಲಾರಿಯಿಂದ ಇಳಿಯುವ ಸಿಮೆಂಟಿನ ಚೀಲದ ಹಿಂದಿರುವ ಹಿಂಸೆ ಎಷ್ಟೆಂದು ವಿಚಾರಿಸುವವರು ವಿರಳ.

ಸುಣ್ಣಕಲ್ಲನ್ನು ಜೇಡಿಯೊಡನೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಬೇಯಿಸಿದಾಗ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅದರ ಪುಡಿಯೇ ಸಿಮೆಂಟಿನ ಜೀವಾಳ. ಆಗ ಇಂಧನದಿಂದ ಮಾತ್ರವಲ್ಲ, ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ: 1000 ಕಿಲೋ ಶುದ್ಧ ಸುಣ್ಣಕಲ್ಲಿನಿಂದ ಸುಮಾರು 440 ಕಿಲೋ. ಮನುಷ್ಯನ ಕಾರ್ಯಗಳಿಂದ ವಾಯುಮಂಡಲ ಸೇರುವ ಈ ಅನಿಲದಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನ ಪಾಲು. ಪೃಥ್ವೀಕಾಯ, ಅಗ್ನಿಕಾಯ, ವಾಯುಕಾಯಗಳ ಜೀವರನ್ನು ಒಪ್ಪುವವರಿಗೆ ಇದು ಕೇವಲ ಲೆಕ್ಕಾಚಾರವಲ್ಲ.

ಸುಟ್ಟವರು ಕಾರ್ಖಾನೆಯವರು, ಕೊಂಡವರಿಗೇನು ದೋಷ ಎಂದು ಕೇಳಬಹುದು. ಕೃತ, ಕಾರಿತ, ಅನುಮೋದನ ಎಂಬ ಮೂರೂ ಬಗೆಗಳಿಂದ ಕರ್ಮಾಸ್ರವವನ್ನು ಹೇಳುವ ಶಾಸ್ತ್ರವು ಈ ಸಮಾಧಾನಕ್ಕೆ ಅವಕಾಶ ಕೊಡುವುದಿಲ್ಲ. ಹಾಗೆಂದು ಗೃಹಸ್ಥನು ಮನೆ ಕಟ್ಟಬಾರದೆಂದಲ್ಲ. ಆರಂಭೀ ಹಿಂಸೆ ಅವನಿಗೆ ಅನಿವಾರ್ಯ. ಪ್ರಯೋಜನವಿಲ್ಲದೆ ಮಿಗಿಲಾಗಿ ನಡೆಯುವ ಹಿಂಸೆಯೇ ಅನರ್ಥದಂಡ. ಅದರಿಂದ ವಿರಮಿಸುವುದು ಅವನ ಗುಣವ್ರತ.

ಅಂತಹ ವಿರತಿಗೆ ಇಂದು ದಾರಿಗಳಿವೆ. ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಶೇಕಡಾ 15ರಿಂದ 35ರವರೆಗೆ ಬೆರೆಸಿದ ಸಿಮೆಂಟ್ ಎಲ್ಲೆಡೆ ದೊರೆಯುತ್ತದೆ. ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಬೆರೆಸಿದ ಸ್ಲ್ಯಾಗ್ ಸಿಮೆಂಟ್ ಇದೆ. ಸುಟ್ಟ ಜೇಡಿಯನ್ನೂ ಸುಡದ ಸುಣ್ಣಕಲ್ಲನ್ನೂ ಬೆರೆಸಿ ಕ್ಲಿಂಕರನ್ನು ಅರ್ಧದಷ್ಟಕ್ಕೆ ಇಳಿಸಬಲ್ಲ ಸಿಮೆಂಟಿಗೆ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಮಾನಕವನ್ನು ಪ್ರಕಟಿಸಿದೆ. ಸಣ್ಣ ಕಟ್ಟಡದ ಗೋಡೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ದಶಕಗಳಿಂದ ಅಭ್ಯಸಿಸಿದ, ಸುಡದೆ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯೂ ಸಾಲುತ್ತದೆ.

ಇವು ಯಾವುವೂ ನಿರ್ದೋಷವಲ್ಲ. ಹಾರುಬೂದಿಯೂ ಕಲ್ಲಿದ್ದಲಿನ ಉರಿಯ ಶೇಷವೇ. ಅಣುವ್ರತಿಯು ಪೂರ್ಣ ನಿವೃತ್ತಿಯನ್ನಲ್ಲ, ಕಡಿಮೆ ಮಾಡುವುದನ್ನು ಸಾಧಿಸುತ್ತಾನೆ. ಇನ್ನೊಂದು ತೊಡಕು ಕಾಲದ್ದು. ಬೂದಿ, ಕಿಟ್ಟ ಬೆರೆತ ಕಾಂಕ್ರೀಟು ಮೊದಲು ನಿಧಾನವಾಗಿ ಬಲಿಯುತ್ತದೆ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಿದರೆ ಇದಕ್ಕೆ ಕನಿಷ್ಠ 10 ದಿನ ಬೇಕು. ಸೆಂಟ್ರಿಂಗ್ ಬಿಚ್ಚಲೂ ತಾಳಬೇಕು. ದೃಢತೆಯ ವಿಷಯದಲ್ಲಿ ಇಂಜಿನಿಯರರ ಮಾತೇ ಪ್ರಮಾಣ. ಕುಸಿಯುವ ತಾರಸಿ ಅಹಿಂಸೆಯಲ್ಲ. ಆದರೆ ಉದ್ಘಾಟನೆಯ ದಿನಾಂಕ ಮೊದಲೇ ಅಚ್ಚಾಗಿದೆಯೆಂಬ ಒಂದೇ ಕಾರಣಕ್ಕೆ ಹೆಚ್ಚು ಸುಟ್ಟದ್ದನ್ನು ಆರಿಸಿದರೆ, ಅಲ್ಲಿ ಹಿಂಸೆಗೆ ಕಾರಣ ಅಗತ್ಯವಲ್ಲ, ಅವಸರ.

ಯಾವ ಸಿಮೆಂಟ್ ಎಂಬುದಕ್ಕಿಂತ ಹಿಂದಿನ ಪ್ರಶ್ನೆ ಎಷ್ಟು ಕಟ್ಟಡ ಎಂಬುದು. ಇಪ್ಪತ್ತು ಕೋಣೆ ಸಾಕಾಗುವಲ್ಲಿ ನಲವತ್ತನ್ನು ಕಟ್ಟಿಸಿದರೆ ಯಾವ ಬೂದಿಯೂ ಆ ಪರಿಗ್ರಹವನ್ನು ಮುಚ್ಚಲಾರದು. ಆಡಳಿತ ಮಂಡಳಿಯು ಅಂದಾಜು ಪಟ್ಟಿಗೆ ಸಹಿ ಹಾಕುವ ಮುನ್ನ ಕೊಠಡಿಗಳ ಸಂಖ್ಯೆಯನ್ನೂ ಸಿಮೆಂಟಿನ ಬಗೆಯನ್ನೂ ವಿಚಾರಿಸಲಿ. ನೀರನ್ನು ಸೋಸುವ ಅದೇ ಎಚ್ಚರ ಆ ಕಾಗದದ ಮೇಲೂ ಇರಲಿ.